ಸಗಣಿ ಬೀಳದ ಬೆನ್ನು

ನಮ್ಮಣ್ಣನಷ್ಟು ಅದೃಷ್ಟವಂತ ಈ ತಾಳವಾಡಿ ಬೆಟ್ಟದಲ್ಲೇ ಇಲ್ಲ! ಅವನ ಬೆನ್ನುಮೂಳೆಗೆ ಉರಿಯೂತ. ಕೀಲುಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತಿವೆ, ಪೂರ್ತಿ ವಾಸಿಯಾಗುವ ಕಾಯಿಲೆಯಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಅಂದಿನಿಂದ ಮನೆಯಲ್ಲಿ ಅವನು ರಾಜ, ನಾನು ಆಳು. ಬೆಳಿಗ್ಗೆ ಅವನ ಬೆನ್ನು ಸಡಿಲವಾಗಲೆಂದು ಅವ್ವ ಹಂಡೆ ತುಂಬ ನೀರು ಕಾಯಿಸುತ್ತಾಳೆ. ಸೌದೆ ಒಡೆದ ನನಗೆ ತಣ್ಣೀರು! ಕೇಳಿದರೆ, "ನಿಂಗೇನಾಗಿದ್ದದ್ಲಾ, ಗುಂಡ್‌ಕಲ್ಲಂಗಿದ್ದೀಯ" ಎನ್ನುತ್ತಾಳೆ. ಆರೋಗ್ಯವಾಗಿರುವುದೂ ಒಂದು ತಪ್ಪೇ?

ಕತ್ತು ಹೊರಳದ್ದರಿಂದ ಅವನು ಯಾರನ್ನು ನೋಡಬೇಕೆಂದರೂ ಇಡೀ ಮೈಯನ್ನೇ ತಿರುಗಿಸಬೇಕು. ಎಂಥ ಗತ್ತು ಅಂತೀರಿ! ಗೆಟ್ಟವಾಡಿಯ ಮದುವೆಮನೆಯಲ್ಲಿ ಇವನ್ಯಾರೋ ತಹಸೀಲ್ದಾರನೆಂದು ಮುಂದಿನ ಸಾಲಿನಲ್ಲಿ ಕೂರಿಸಿದರು. ನನ್ನ ಕೈಗೆ ಸಾಂಬಾರ್ ಬಕೆಟ್ಟು ಕೊಟ್ಟರು.

ಒಮ್ಮೆ ಜೀರಹಳ್ಳಿ ದಾರಿಯಲ್ಲಿ ನಮ್ಮ ಹಿಂದೆ ಆನೆ ಬಂತು. ನಾನು ಬಿದ್ದೆದ್ದು ಹುಣಸೆಮರ ಹತ್ತಿದೆ. ಇವನು ಹಿಂತಿರುಗಿಯೂ ನೋಡದೆ ನಡೆದೇ ನಡೆದ. ಆನೆ ಅದರ ಪಾಡಿಗೆ ರಾಗಿ ಹೊಲಕ್ಕೆ ಇಳಿಯಿತು. "ಎಂಥ ಗುಂಡಿಗೆ ಕಣ್ಲಾ ನಿಮ್ಮಣ್ಣಂದು!" ಎಂದು ಊರೆಲ್ಲ ಹೊಗಳಿತು. ಗುಂಡಿಗೆಯಲ್ಲ ಸ್ವಾಮಿ, ಕತ್ತು! ನನ್ನ ತರಚಿದ ಮಂಡಿಯನ್ನು ಕೇಳುವವರೇ ಇರಲಿಲ್ಲ.

ಇಷ್ಟಿದ್ದೂ ಮಹಾರಾಯ ಮುಖ ಗಂಟಿಕ್ಕಿಕೊಂಡೇ ಇರುತ್ತಿದ್ದ. ಮಾತು ಕಡಿಮೆಯಾಯಿತು. ಟೀ ಅಂಗಡಿಗೆ ಹೋಗುವುದನ್ನೂ ಬಿಟ್ಟ. ಯಾಕಣ್ಣ ಎಂದರೆ, "ನಾನು ಅಲ್ಗೆ ವೋದೇಟ್ಗೆ ಎಲ್ಲಾರೂವೆ ತಮಾಸೆ ನಿಲ್ಸ್‌ಬುಟ್ಟು, ಎದ್ದು ಜಾಗ ಬುಡ್ತಾರೆ ಕಣ್ಲಾ" ಎಂದ. ಜಾಗ ಬಿಟ್ಟರೆ ಕೂರುವುದಕ್ಕೇನು ಕಷ್ಟ? ನನಗಂತೂ ಯಾರೂ ಬಿಟ್ಟಿಲ್ಲ.

ದೀಪಾವಳಿ ಮುಗಿದ ಮೇಲೆ ಗುಮಟಾಪುರದ ಬೀರೇಶ್ವರನ ಗುಡಿಯಲ್ಲಿ ಸಗಣಿ ಹಬ್ಬ. ಗಂಡಸರೆಲ್ಲ ಅಂಗಿ ಬಿಚ್ಚಿ ಸಗಣಿ ಉಂಡೆ ಕಟ್ಟಿ ಒಬ್ಬರಿಗೊಬ್ಬರು ಎಸೆದಾಡುತ್ತಾರೆ. ಮೈಗೆ ಬಿದ್ದರೆ ಕಾಯಿಲೆ ಹೋಗುತ್ತದೆಂದು ನಂಬಿಕೆ. ಈ ಸಲ ಅಣ್ಣನೂ ಅಂಗಿ ಬಿಚ್ಚಿ ನಡುಮಧ್ಯೆ ನಿಂತ. ಒಬ್ಬನಾದರೂ ಎಸೆಯಬೇಕಲ್ಲ! "ಪಾಪ, ಬೆನ್ನು ಸರಿಯಿಲ್ಲ, ಅವ್ನ್ಗೆ ಒಡೀಬೇಡಿ ಕಣ್ರಲಾ" ಎನ್ನುತ್ತ ಎಲ್ಲರೂ ಅವನನ್ನು ಬಿಟ್ಟು ಸುತ್ತಿಕೊಂಡು ಹೋದರು. ನನ್ನ ಕಿವಿ, ಮೂಗಿನೊಳಗೆಲ್ಲ ಸಗಣಿ. ಅವನು ಮಾತ್ರ ಮಡಿಯಾಗಿ ನಿಂತಿದ್ದಾನೆ! ಇಲ್ಲೂ ರಾಜೋಪಚಾರವೇ? ನನ್ನ ಹೊಟ್ಟೆಗೆ ಬೆಂಕಿ ಬಿತ್ತು. ದಪ್ಪ ಉಂಡೆಯೊಂದನ್ನು ಎತ್ತಿ ಹಿಂದಿನಿಂದ ಅವನ ಹೆಗಲಿಗೆ ಬೀಸಿ ಹೊಡೆದೆ.

ಸುತ್ತ ಎಲ್ಲರ ಕೈಯೂ ನಿಂತಿತು. ಅಣ್ಣ ಇಡೀ ಮೈಯನ್ನು ನಿಧಾನವಾಗಿ ತಿರುಗಿಸಿದ.

"ಯಾವನ್ಲಾ ಅವ್ನು?"

"ನಾನೇ ಕಣಣ್ಣ."

ನೆಲದ ಸಗಣಿಗೆ ಬಗ್ಗಲಾರ. ತನ್ನ ಹೆಗಲ ಮೇಲಿದ್ದದ್ದನ್ನೇ ಬಾಚಿ ನನ್ನ ಮುಖಕ್ಕೆ ಬಳಿದ. ಬಳಿದು ನಕ್ಕ. ಅವನು ನಕ್ಕಿದ್ದನ್ನು ನೋಡಿ ಎಷ್ಟು ಕಾಲವಾಗಿತ್ತು! ಕಣ್ಣಲ್ಲಿ ನೀರು ತುಂಬಿಕೊಂಡೇ, "ಇನ್ನೊಂದು ಒಡೀಲಾ. ಇವರ್ಗೂ ಒಡಿಯಕ್ಕೆ ಯೋಳು" ಎಂದ.

ಮುಗಿಯುವ ತನಕ ನಾನು ಬಗ್ಗಿ ಬಗ್ಗಿ ಉಂಡೆ ಕಟ್ಟಿಕೊಟ್ಟೆ, ಅವನು ಎಸೆದ. ಊರವರೂ ಕೈ ಬಿಗಿಹಿಡಿಯಲಿಲ್ಲ. ಮನೆಗೆ ಬಂದಾಗ ಅವನ ಮೈಮೇಲೆ ನನಗಿಂತ ಹೆಚ್ಚು ಸಗಣಿಯಿತ್ತು. ಅದೊಂದಕ್ಕೆ ಮಾತ್ರ ನನಗೆ ಹೊಟ್ಟೆಕಿಚ್ಚಾಗಲಿಲ್ಲ.