ಎಣಿಕೆಗೆ ಕೂತ ಹಳೇ ರಸ್ತೆ

ಅಂಕೋಲಾದಿಂದ ಕಾರವಾರಕ್ಕೆ ಚತುಷ್ಪಥ ಹೆದ್ದಾರಿ ಬಂದಮೇಲೆ, ಅದರ ಪಕ್ಕದಲ್ಲೇ ಓಡುವ ಹಳೇ ರಸ್ತೆಯ ಒಂದು ತುಂಡು ನನ್ನ ಪಾಲಿಗೆ ಉಳಿಯಿತು. ಅದರ ಹೊಂಡ ನೋಡಿಕೊಳ್ಳುವುದು ನನ್ನ ಕೆಲಸ. ವಾಹನ ಕಡಿಮೆಯಾದ ರಸ್ತೆಯಲ್ಲಿ ಮಾತು ಹೆಚ್ಚು; ದಿನಕ್ಕೊಂದಾದರೂ ಕಿವಿಗೆ ಬೀಳುತ್ತದೆ.

೧

ಭಾವಿಕೇರಿ ಕಡೆಯ ತಿರುವಿನಲ್ಲಿ ಮೀನುಗಾರರ ಅಜ್ಜಿಯೊಬ್ಬಳು ಡಾಂಬರಿನ ಮೇಲೆ ಸಿಗಡಿ ಒಣಗಿಸುತ್ತಾಳೆ. ಗೋವಾಕ್ಕೆ ಹೊರಟ ಕಾರೊಂದು ಫೋನ್ ನಂಬಿ ಅಲ್ಲಿಗೆ ಬಂತು. ಅಂದು ಅವಳು ರಸ್ತೆಯ ಅಗಲಕ್ಕೂ ಹರವಿದ್ದಳು.

"ಅಜ್ಜೀ, ಇಲ್ಲಿ ರಸ್ತೆ ಇದೆ ಅಂತ ಫೋನ್ ತೋರಿಸ್ತಿದೆ," ಎಂದ ಚಾಲಕ.

"ರಸ್ತೆ ಅದ್ಯಲ್ಲ ಮಾರಾಯಾ. ಸಂಜೀಗೆ ಬಾ, ಎತ್ತಿಟ್ಟಿರ್ತೆ."

೨

ಆ ತಿರುವಿನಲ್ಲೇ 'ಹೈವೇ ಹೋಟೆಲ್' ಎಂಬ ಚಾದಂಗಡಿಯಿದೆ. "ಇದು ಈಗ ಹೈವೇ ಅಲ್ಲವಲ್ಲ, ಬೋರ್ಡು ಬದಲಿಸೂದಿಲ್ವ?" ಎಂದು ಮಾಲೀಕನನ್ನು ಕೇಳಿದೆ.

"ನಾ ಎಲ್ಲಿಗೂ ಹೋಗ್ಲಿಲ್ಲ ಸರ್. ಬಿಟ್ಟೋದದ್ದು ಹೈವೇ. ಬೋರ್ಡು ಅದೇ ಬದಲ್ಸ್ಲಿ."

೩

ಮಳೆಗಾಲಕ್ಕೆ ಮೊದಲು ಹೊಸ ಡಾಂಬರು ಬೇಕೆಂದು ಇಲಾಖೆಗೆ ಬರೆದಿದ್ದೆ. "ಅಲ್ಲಿ ಓಡಾಡುವವರು ಯಾರಿದ್ದಾರೆ? ಒಂದು ದಿನ ವಾಹನ ಎಣಿಸಿ ಕಳಿಸಿ," ಎಂದರು ಮೇಲಿನ ಸಾಹೇಬರು.

ಗಾಡಿ ಕಡಿಮೆ ಬಂದರೆ ಡಾಂಬರು ಬರುವುದಿಲ್ಲ ಎಂದು ಅಜ್ಜಿಗೆ ಹೇಳಿದೆ. ಅವಳ ಮುಖ ಸಣ್ಣದಾಯಿತು. ಡಾಂಬರು ಕಿತ್ತುಹೋದಲ್ಲೆಲ್ಲ ಸಿಗಡಿಗೆ ಮಣ್ಣು ಹತ್ತುತ್ತಿತ್ತು. ಮಣ್ಣು ಹತ್ತಿದ ಸಿಗಡಿಯನ್ನು ಪೇಟೆಯಲ್ಲಿ ಯಾರೂ ಮುಟ್ಟುತ್ತಿರಲಿಲ್ಲ. ಅವಳ ಮನೆ ನಡೆಯುವುದು ಅದರಿಂದಲೇ.

"ಎಷ್ಟು ಗಾಡಿ ಬೇಕು ತಮ್ಮಾ?"

"ಬಂದಷ್ಟು ಬರೀತೇನೆ ಅಮ್ಮಾ."

ಎಣಿಕೆಯ ದಿನ ಚಾದಂಗಡಿಯ ಬೆಂಚಿನ ಮೇಲೆ ಪಟ್ಟಿ ಹಿಡಿದು ಕೂತೆ. ರಸ್ತೆಯಲ್ಲಿ ಒಂದು ಸಿಗಡಿಯೂ ಇರಲಿಲ್ಲ, ಯಾರೋ ಗುಡಿಸಿದ್ದರು. ಮೀನಿನ ಟೆಂಪೋ ಬಂತು. ಸ್ವಲ್ಪ ಹೊತ್ತಿಗೆ ಅದೇ ಟೆಂಪೋ ಮತ್ತೆ ಬಂತು. ಅಜ್ಜಿಯ ಅಳಿಯ, ರಿಕ್ಷಾ ಏಳನೆಯ ಸಲ ದಾಟಿಸುವಾಗ ನನಗೆ ನಮಸ್ಕಾರ ಮಾಡುವುದನ್ನೂ ಬಿಟ್ಟ. ನಾನು ತಲೆ ಎತ್ತದೆ ಬರೆದೆ. ವಾಹನ ಎಣಿಸಿ ಎಂದಿದ್ದರು, ಗುರುತು ಹಿಡಿಯಿರಿ ಎಂದಿರಲಿಲ್ಲ.

ಮಧ್ಯಾಹ್ನ ಒಂದು ಜೀಪು ಬಂತು. ಒಳಗೆ ಸಾಹೇಬರೇ, ಎಣಿಕೆ ನೋಡಲು ಬಂದಿದ್ದರು. ನಾನು ಏಳುವಷ್ಟರಲ್ಲಿ ಅಜ್ಜಿ ಕಿಟಕಿಗೆ ಬಗ್ಗಿಯಾಗಿತ್ತು.

"ನಿಲ್ಬೇಡ ತಮ್ಮಾ, ನಿಂತ್ರೆ ಒಂದೇ ಲೆಕ್ಕ. ಆ ಮರದ ತಂಕ ಹೋಗಿ ತಿರ್ಗಿ ಬಾ. ಎಲ್ಲಾರೂ ಹಂಗೇ ಮಾಡ್ತಿದಾರೆ. ಆಮೇಲೆ ಚಾ ಕೊಡಸ್ತೆ."

ಸಾಹೇಬರು ನನ್ನನ್ನು ನೋಡಿದರು. ಆಮೇಲೆ ಜೀಪಿನ ಮುಂದಿದ್ದ ಹೊಂಡವನ್ನು ನೋಡಿದರು, ಬಹಳ ಹೊತ್ತು.

ಕೊನೆಗೆ ಚಾಲಕನ ಭುಜ ತಟ್ಟಿದರು.

"ಹೋಗಯ್ಯಾ, ಇನ್ನೊಂದು ಸುತ್ತು. ಚಾ ಕೊಡಿಸ್ತಾರಂತೆ."