ಸಾವಿರ ಗಜದ ಬನ್ನಿ

ಆ ಶನಿವಾರ ಲಿಂಗರಾಜು ಮಾಡಿದ ತಪ್ಪು ಒಂದೇ. ರೈಫಲ್ಲನ್ನು ಕಬ್ಬಿಣದ ಪೆಟ್ಟಿಗೆಯಿಂದ ತೆಗೆದು ಗ್ಯಾರೇಜಿನ ಮೇಜಿನ ಮೇಲಿಟ್ಟು, ಎಣ್ಣೆಗೈ ತೊಳೆಯಲು ಒಳಗೆ ಹೋದವನು, ಹಾಗೇ ಸ್ನಾನವನ್ನೂ ಮುಗಿಸಿಬಿಡೋಣ ಅಂದುಕೊಂಡ. ಅವತ್ತು ಆಯುಧ ಪೂಜೆ ಎಂಬುದು ಅವನಿಗೆ ಗೊತ್ತಿತ್ತು. ಗದಗದಿಂದ ಟೆಕ್ಸಾಸಿಗೆ ಬಂದ ಅತ್ತೆ ಶಾಂತವ್ವ ಮನೆಯಲ್ಲಿದ್ದಾರೆ ಎಂಬುದೂ ಗೊತ್ತಿತ್ತು. ಎರಡನ್ನೂ ಕೂಡಿಸಿ ನೋಡಿರಲಿಲ್ಲ, ಅಷ್ಟೆ.

ಅದು ಅಂಗಡಿಯಿಂದ ಎತ್ತಿಕೊಂಡು ಬಂದ ರೈಫಲ್ ಅಲ್ಲ. ಹದಿನಾಲ್ಕು ತಿಂಗಳು ಒಂದೊಂದೇ ಭಾಗ ಹುಡುಕಿ, ಬೇಡಿ, ಚೌಕಾಶಿ ಮಾಡಿ ಅವನೇ ಕೂಡಿಸಿದ್ದು. ಹೆಂಡತಿ ಪ್ರಗತಿ ಎರಡು ಷರತ್ತು ಹಾಕಿದ್ದಳು: ಅದು ಗ್ಯಾರೇಜು ದಾಟಿ ಒಳಗೆ ಬರಕೂಡದು, ಮನೆಖರ್ಚಿನ ದುಡ್ಡಿಗೆ ಕೈ ಹಾಕಕೂಡದು. ಹಾಗಾಗಿ ಬ್ಯಾರೆಲ್ ಆಸ್ಟಿನ್ನಿನಿಂದ ಬಂತು. ಹೊರಗಡೆ ಗೀರು ಬಿದ್ದಿತ್ತೆಂದು ಅರ್ಧ ಬೆಲೆಗೆ ಸಿಕ್ಕಿತ್ತು. ಗುರಿ ಹಿಡಿಯಲು ಮೇಲೆ ಕೂರಿಸುವ ದುರ್ಬೀನು ಹೂಸ್ಟನ್ನಿನ ಒಬ್ಬ ಹೊಸದು ಕೊಂಡು ಮೂಲೆಗಿಟ್ಟದ್ದು. ಅದಕ್ಕಾಗಿ ಹೋಗಿ ಬರಲು ಎಂಟು ತಾಸು ಡ್ರೈವ್ ಮಾಡಿದ್ದ. ಮರದ ಹಿಡಿ ಇರ್ವಿಂಗಿನ ಗುಜರಿಯದು. ಕೆನ್ನೆ ಆನಿಸುವಲ್ಲಿ ಅತ್ತೆಯೇ ಹೊಲಿದ ಹಳೆಯ ಕೌದಿಯ ತುಂಡು. ಹಿಂಬದಿಗೆ ಆಸರೆಯಾಗಿ ಇಡುವ ಚೀಲ ಹರಿದ ಜೀನ್ಸಿನದು, ಒಳಗೆ ಮರಳಿನ ಬದಲು ಜೋಳ.

ಆ ಮರದ ಹಿಡಿಗೆ ಇಲ್ಲಿ ಸ್ಟಾಕ್ ಎನ್ನುತ್ತಾರೆ. ಅದು ಸಿಕ್ಕ ದಿನ ಲಿಂಗರಾಜು ಅಂಗಳದಲ್ಲಿ ನಿಂತು ಫೋನಿನಲ್ಲಿ, "ಒಳ್ಳೆ ಸ್ಟಾಕ್ ಸಿಕ್ಕೇತಿ, ಭಾಳ ಕಡಿಮಿಗೆ!" ಎಂದು ಕೂಗಿದ್ದ. ಪಕ್ಕದ ಮನೆಯ ವೆಂಕಟಗಿರಿ ಅಂಕಲ್ ಅದನ್ನು ಕೇಳಿಸಿಕೊಂಡು, ಆ ಕಂಪನಿಯ ಹೆಸರು ಹೇಳು ಎಂದು ಮೂರು ವಾರ ಅವನ ಬೆನ್ನು ಬಿಟ್ಟಿರಲಿಲ್ಲ. ಕೊನೆಗೆ ಮರದ ತುಂಡು ತೋರಿಸಿದಾಗಲೂ ಅವರಿಗೆ ಪೂರ್ತಿ ನಂಬಿಕೆ ಬಂದಿರಲಿಲ್ಲ.

ಇಷ್ಟೆಲ್ಲ ಯಾಕೆ ಎಂದರೆ, ಒಂದು ಶಾಭಾಷ್‌ಗಾಗಿ. ಹುಬ್ಬಳ್ಳಿಯ ಕಾಲೇಜಿನಲ್ಲಿ ಎನ್‌ಸಿಸಿಯಲ್ಲಿದ್ದಾಗ ಲಿಂಗರಾಜು ಐದು ಗುಂಡಿನಲ್ಲಿ ಐದನ್ನೂ ನಡುವಿಗೇ ಹೊಡೆದಿದ್ದ. ಹವಾಲ್ದಾರರು ಬೆನ್ನು ಚಪ್ಪರಿಸಿ ಶಾಭಾಷ್ ಎಂದಿದ್ದರು. ಆಮೇಲೆ ಇಪ್ಪತ್ತಾರು ವರ್ಷ ಅವನು ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿದ. ಬೇರೆಯವರ ತಪ್ಪು ಹುಡುಕಿಕೊಡುವವನಿಗೆ ಯಾರೂ ಶಾಭಾಷ್ ಅನ್ನುವುದಿಲ್ಲ. ಇವತ್ತು ಕ್ಲಬ್ಬಿನ ಪಂದ್ಯ, ಸಾವಿರ ಗಜ ದೂರದ ಹಲಗೆಗೆ ಹತ್ತು ಗುಂಡು. ಒಂದೂವರೆಗೆ ಸರಿಯಾಗಿ ಜಾಗದಲ್ಲಿ ಮಲಗಿರಬೇಕು, ತಡವಾದವರಿಗೆ ಪ್ರವೇಶವಿಲ್ಲ. ಮನೆಯಿರುವ ಯೂಲೆಸ್‌ನಿಂದ ಅಲ್ಲಿಗೆ ಒಂದೂವರೆ ತಾಸಿನ ದಾರಿ.

ತಲೆ ಒರೆಸಿಕೊಳ್ಳುತ್ತ ಗ್ಯಾರೇಜಿಗೆ ಬಂದವನಿಗೆ ಮೊದಲು ಊದುಬತ್ತಿಯ ವಾಸನೆ ಬಡಿಯಿತು.

ಮೇಜಿನ ಮೇಲೆ ಅತ್ತೆಯ ರೇಷ್ಮೆ ಸೀರೆ ಹಾಸಿತ್ತು. ಅದರ ಮೇಲೆ ಸಾಲಾಗಿ ಮಿಕ್ಸರ್, ಎರಡು ಲ್ಯಾಪ್‌ಟಾಪ್, ಈಳಿಗೆಮಣೆ; ನಟ್ಟನಡುವೆ ಮದುಮಗನ ಹಾಗೆ ರೈಫಲ್ಲು. ಮೈತುಂಬ ವಿಭೂತಿಯ ಮೂರು ಮೂರು ಗೆರೆ, ಕೊರಳಿಗೆ ಚೆಂಡುಹೂವಿನ ಮಾಲೆ. ಪುಣ್ಯಕ್ಕೆ ಗುಂಡು, ಅದನ್ನು ಒಳಗೆ ತಳ್ಳುವ ಬೋಲ್ಟು ಎರಡೂ ಪೆಟ್ಟಿಗೆಯಲ್ಲೇ ಇದ್ದವು. ಶಾಂತವ್ವನ ಕಣ್ಣಲ್ಲಿ ನೀರು ತುಂಬಿತ್ತು.

"ಅಳಿಯಂದ್ರ, ಇಷ್ಟ ವರ್ಷ ನಾ ಮಿಕ್ಸರಿಗೆ ಪೂಜಿ ಮಾಡಕೋತ ಬಂದೇನ್ರಿ. ಮನ್ಯಾಗ ಖರೇ ಆಯುಧ ಇಟಗೊಂಡು ಒಂದ ಮಾತ ಹೇಳಲಿಲ್ಲಲ್ರಿ ನೀವು!"

"ಅತ್ತಿ, ಭಾಳ ಚಂದ ಮಾಡೀರಿ," ಎಂದು ಲಿಂಗರಾಜು ಮಾಲೆಗೆ ಕೈ ಹಾಕಿದ. "ಈಗ ಇದನ್ನ ತಗೊಂಡ ಹೋಗತೇನ್ರಿ, ಮ್ಯಾಚ್ ಐತಿ."

ಶಾಂತವ್ವ ಅವನ ಕೈಯನ್ನು ಗಪ್ಪನೆ ಹಿಡಿದರು. "ಶಿವಶಿವಾ! ಪೂಜಿಗಿಟ್ಟ ಆಯುಧ ಇವತ್ತ ಮುಟ್ಟಂಗಿಲ್ರಿ. ನಾಳೆ ವಿಜಯದಶಮಿಗೆ ತಗೀಬೇಕು. ಮಿಕ್ಸರ್ ಮುಟ್ಟಬಾರದಂತ ನಾ ಚಟ್ನಿ ಸೈತ ನಿನ್ನೇನ ರುಬ್ಬಿ ಇಟ್ಟೇನಿ."

"ಮತ್ತ ಕಾರು?"

"ಕಾರಿಂದು ಬ್ಯಾರೆ. ಅದು ನಿಂಬಿಹಣ್ಣು ತುಳಿದ್ರ ಮುಗೀತು."

ಲಿಂಗರಾಜು ಬಾಗಿಲಲ್ಲಿ ನಿಂತಿದ್ದ ಪ್ರಗತಿಯ ಕಡೆ ನೋಡಿದ. ಅವಳು ನಗು ತಡೆಯಲು ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. "ನನ್ನ ಏನ್ ನೋಡ್ತೀರಿ? ಗ್ಯಾರೇಜ್ ದಾಟಿ ಒಳಗ ಬಂದಿಲ್ಲ, ನನ್ನ ತಕರಾರಿಲ್ಲ."

ಅಷ್ಟರಲ್ಲಿ ಪ್ರಸಾದಕ್ಕೆ ಬಂದ ಅಕ್ಕಪಕ್ಕದವರಿಗೆ ಸುದ್ದಿ ಹಬ್ಬಿತು. ಪ್ರತಿ ವರ್ಷ ಸ್ಕ್ರೂಡ್ರೈವರಿಗೆ ಕೈ ಮುಗಿದು ಬೇಸತ್ತಿದ್ದ ಜನ ನಿಜವಾದ ಆಯುಧ ನೋಡಲು ಸಾಲು ನಿಂತರು. ಒಬ್ಬಾಕೆ ಕೂಸಿನ ತಲೆಯನ್ನು ರೈಫಲ್ಲಿನ ಮುಂದೆ ಬಾಗಿಸಿ, ಕಂಪ್ಯೂಟರ್ ಸೈನ್ಸ್ ಸೀಟು ಸಿಗಲಿ ಎಂದು ಬೇಡಿಕೊಂಡಳು. ಹನ್ನೊಂದು ಗಂಟೆಯಾಯಿತು. ಲಿಂಗರಾಜು ಗ್ಯಾರೇಜಿನ ಮೆಟ್ಟಿಲ ಮೇಲೆ ಕುಳಿತು, ತಟ್ಟೆಯಲ್ಲಿದ್ದ ಕಡಬನ್ನು ಮುರಿದು ಮುರಿದು ಪುಡಿ ಮಾಡುತ್ತಿದ್ದ. ಹದಿನಾಲ್ಕು ತಿಂಗಳ ಆಸೆ ಕಣ್ಣೆದುರಿಗೇ ಹೂ ಮುಡಿದು ಕೂತಿತ್ತು. ಪಾಪ, ಅವನಿಗೆ ಅಳು ಬರುವುದೊಂದು ಬಾಕಿ.

ವೆಂಕಟಗಿರಿ ಅಂಕಲ್ ಬಂದು ಪಕ್ಕದಲ್ಲಿ ಕುಳಿತರು. ಮೈಸೂರಿನವರು, ನಿವೃತ್ತರು, ಬೇರೆಯವರ ತೊಂದರೆ ಸಿಕ್ಕಿದರೆ ಅವರಿಗೆ ಹಬ್ಬದೂಟ ಬೇಡ. ಫೋನು ತೆಗೆದು ಪಂಚಾಂಗ ತಿರುವಿದರು.

"ಏನಯ್ಯಾ ಲಿಂಗರಾಜು, ಇಷ್ಟಕ್ಕೆಲ್ಲ ಯಾಕೆ ಮುಖ ಸಣ್ಣ ಮಾಡ್ಕೊಂಡಿದೀಯ? ಡಾಲಸ್ ಟೈಮಿಗೆ ನವಮಿ ಹನ್ನೊಂದೂ ಇಪ್ಪತ್ತೆಂಟಕ್ಕೇ ಮುಗಿಯತ್ತೆ ನೋಡು. ಆಮೇಲೆ ದಶಮಿ. ಏನ್ರೀ ಶಾಂತವ್ವನವರೇ, ದಶಮಿ ಬಂದ್ಮೇಲೆ ಆಯುಧ ತೆಗೀಬಹುದು ತಾನೇ?"

ಶಾಂತವ್ವ ಫೋನನ್ನು ಇಸಿದುಕೊಂಡು ತಾವೇ ನೋಡಿದರು. ಪಂಚಾಂಗಕ್ಕೆ ಎದುರಾಡುವವರಲ್ಲ ಅವರು. "ದಶಮಿ ಬಂದ್ರ ತಗೀಬಹುದ್ರಿ. ಆದ್ರ ನಾನೂ ಬರಾಕಿ. ಪೂಜಿ ಮಾಡಿದಾಕಿ ಜೊತಿಗೆ ಇರಬೇಕು."

"ಹಾಗಾದ್ರೆ ನಾನೂ ಬರ್ತೀನಿ," ಎಂದರು ಅಂಕಲ್. ಅವರನ್ನು ಯಾರೂ ಕರೆದಿರಲಿಲ್ಲ.

ಹನ್ನೊಂದೂ ಇಪ್ಪತ್ತೊಂಬತ್ತಕ್ಕೆ ಲಿಂಗರಾಜು ಮಾಲೆ ಕಿತ್ತು, ಸಿಕ್ಕಿದ ಟವೆಲ್ಲಿನಿಂದ ರೈಫಲ್ಲನ್ನು ಗಸಗಸ ಒರೆಸಿ, ಗುಂಡು, ಬೋಲ್ಟಿನ ಸಮೇತ ಅದರ ಉದ್ದನೆಯ ಡಬ್ಬಿಗೆ ಹಾಕಿದ. ನಿಂಬೆಹಣ್ಣು ತುಳಿದು ಕಾರು ಹೊರಟಿತು. ಪ್ರಗತಿ ಡ್ರೈವ್ ಮಾಡಿದಳು. ದಾರಿಯಲ್ಲಿ ಅಂಕಲ್ಲಿಗೋಸ್ಕರ ಎರಡು ಸಲ ಬಾತ್‌ರೂಮಿಗೆ ನಿಲ್ಲಿಸಬೇಕಾಯಿತು. ಕ್ಲಬ್ಬಿನ ಗೇಟಿನಲ್ಲಿ ಕಾವಲಿನವನು ಕಾರಿನ ಮೂತಿಯ ಮೇಲಿದ್ದ ಹೂವಿನ ಹಾರ ನೋಡಿ, ಮದುವೆಮನೆ ಇದಲ್ಲ ಎಂದು ವಿನಯದಿಂದ ಹೇಳಿದ. ಒಳಗೆ ಸೇರುವಾಗ ಗಂಟೆ ಒಂದೂ ಹತ್ತು.

ಇನ್ನೂ ಇಪ್ಪತ್ತು ನಿಮಿಷವಿದೆ ಎಂದು ಲಿಂಗರಾಜು ಉಸಿರು ಬಿಟ್ಟು ಡಬ್ಬಿ ಕೆಳಗಿಳಿಸಿದ. ಆಗ ಶಾಂತವ್ವ ಕಾರಿನಿಂದ ಇಳಿದು, ಪಾರ್ಕಿಂಗ್ ಅಂಚಿನ ಮುಳ್ಳುಗಿಡವೊಂದರ ಎದುರು ನಿಂತು ಕೈ ಜೋಡಿಸಿದರು.

"ಬನ್ನಿ ಗಿಡ!"

"ಅವ್ವಾ, ಅದು ಮೆಸ್ಕೀಟ್. ಟೆಕ್ಸಾಸ್ ತುಂಬ ಅದ ಐತಿ," ಎಂದಳು ಪ್ರಗತಿ.

"ಹೆಸರು ಏನರ ಇರಲಿ ಬಿಡು. ಎಲಿ ನೋಡು, ಮುಳ್ಳು ನೋಡು, ಕಾಯಿ ನೋಡು. ಅಳಿಯಂದ್ರ, ಅದನ್ನ ಇಲ್ಲಿ ತರ್ರಿ. ದಶಮಿ ದಿನ ಆಯುಧ ಬನ್ನಿ ಗಿಡದಿಂದನ ತಗೀಬೇಕು. ಪಾಂಡವರು ಹಂಗ ಮಾಡಿದ್ರು."

"ಅತ್ತಿ, ಪಾಂಡವರಿಗೆ ಒಂದೂವರಿಗೆ ಮ್ಯಾಚ್ ಇರಲಿಲ್ರಿ!"

ವಾದಕ್ಕೆ ಹೊತ್ತಿರಲಿಲ್ಲ. ಡಬ್ಬಿಯನ್ನು ಗಿಡದ ಬುಡಕ್ಕೆ ಒರಗಿಸಿದ. ಶಾಂತವ್ವ ನಿಧಾನವಾಗಿ ಐದು ಸುತ್ತು ಬಂದರು. ಅವರ ಹಿಂದೆ ಅಂಕಲ್, ಅವರ ಹಿಂದೆ ಗಡಿಯಾರ ನೋಡುತ್ತ ಲಿಂಗರಾಜು. ದೊಡ್ಡ ಹ್ಯಾಟು ಹಾಕಿದ್ದ ಡೇಲ್ ಇದನ್ನು ನೋಡಿ ಓಡಿ ಬಂದ. ಲೇತ್ ಕೆಲಸ ಮಾಡಿ ನಿವೃತ್ತನಾದ ಮುದುಕ ಈ ಡೇಲ್. ಲಿಂಗರಾಜುವಿನ ರೈಫಲ್ಲಿಗೆ ಬ್ಯಾರೆಲ್ ಕೂಡಿಸಿಕೊಟ್ಟವನು ಅವನೇ. ಕೂಲಿಯೆಂದು ತೆಗೆದುಕೊಂಡದ್ದು ಜೋಳದ ರೊಟ್ಟಿ, ಶೇಂಗಾ ಚಟ್ನಿ. ಇವತ್ತು ಲಿಂಗರಾಜುವಿನ ಹಲಗೆ ಎಂಟು, ಡೇಲನದು ಪಕ್ಕದ ಒಂಬತ್ತು.

ಶಾಂತವ್ವ ಒಂದು ಹಿಡಿ ಎಲೆ ಕಿತ್ತು ಅಳಿಯನ ಕಡೆ ಚಾಚಿದರು. "ಬಂಗಾರ ತಗೋರಿ, ಬಂಗಾರದಂಗ ಇರೂಣು."

"ಆಮ್ಯಾಲೆ ಅತ್ತಿ, ಆಮ್ಯಾಲೆ!" ಎಂದು ಅವನು ಡಬ್ಬಿ ಎತ್ತಿಕೊಂಡು ಓಡಿದ.

ಚಾಚಿದ ಕೈಯನ್ನು ಬರಿದೇ ಹಿಂದೆ ತೆಗೆಯುವುದು ಹಬ್ಬದ ದಿನ ಸರಿಯಲ್ಲ. ಶಾಂತವ್ವ ಎದುರಿಗಿದ್ದ ಡೇಲನ ಅಂಗೈಗೆ ಒಂದಿಷ್ಟು ಎಲೆ ಹಾಕಿ, ಉಳಿದದ್ದನ್ನು ಸೆರಗಿಗೆ ಕಟ್ಟಿಕೊಂಡರು. ಇದು ಚಿನ್ನವಂತೆ ಎಂದು ಪ್ರಗತಿ ಇಂಗ್ಲಿಷಿನಲ್ಲಿ ಹೇಳಿದಾಗ, ಡೇಲ್ ಗಂಭೀರವಾಗಿ ತಲೆಬಾಗಿ ಎಲೆಯನ್ನು ಹ್ಯಾಟಿನ ಪಟ್ಟಿಗೆ ಸಿಕ್ಕಿಸಿಕೊಂಡ.

ಒಂದೂ ಇಪ್ಪತ್ತೊಂಬತ್ತಕ್ಕೆ ಲಿಂಗರಾಜು ಎಂಟನೆಯ ಜಾಗದಲ್ಲಿ ಬೋರಲು ಬಿದ್ದ. ಜೋಳದ ಚೀಲ ಒತ್ತಿಕೊಂಡು ದುರ್ಬೀನಿಗೆ ಕಣ್ಣಿಟ್ಟ. ದೂರದ ಹಲಗೆಗಳೆಲ್ಲ ಮಂಜಿನಲ್ಲಿ ಅದ್ದಿದ ಹಾಗೆ ಬೆಳ್ಳಗೆ ಕಂಡವು. ಬಿಸಿಲ ಝಳವಿರಬೇಕು ಎಂದುಕೊಂಡ. ಕಣ್ಣು ಕಿರಿದು ಮಾಡಿ ಎಂಟು ಎಂಬ ಅಂಕಿ ಹುಡುಕಿದ, ಸಿಕ್ಕಿತು. ಸೀಟಿ ಮೊಳಗಿತು.

ಮೊದಲ ಗುಂಡು ಹೋದಾಗಲೇ ಅವನಿಗೆ ಗೊತ್ತಾಯಿತು, ಅದು ಎಲ್ಲಿಗೆ ಹೋಗಬೇಕೋ ಅಲ್ಲಿಗೇ ಹೋಗಿದೆ ಎಂದು. ಗಾಳಿಯ ದಿಕ್ಕು ತೋರುವ ಬಟ್ಟೆಪಟ್ಟಿ ಆಡುವುದನ್ನು ನೋಡಿ, ಉಸಿರು ಬಿಟ್ಟು, ಬೆರಳು ಒತ್ತಿದ. ಗೀರು ಬಿದ್ದ ಬ್ಯಾರೆಲ್, ಗುಜರಿಯ ಹಿಡಿ, ಅತ್ತೆಯ ಕೌದಿ ಎಲ್ಲ ಸೇರಿ ಒಂದೇ ಮೈಯಾಗಿದ್ದವು. ಹತ್ತು ಗುಂಡು ಮುಗಿದಾಗ ಅವನಿಗೆ ಎದ್ದೇಳುವ ಮನಸ್ಸೇ ಇರಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ಇಂಥ ಸುಖ ಅವನು ಕಂಡಿರಲಿಲ್ಲ.

ಸಾವಿರ ಗಜದಲ್ಲಿ ಗುಂಡಿನ ತೂತು ಯಾರ ಕಣ್ಣಿಗೂ ಕಾಣುವುದಿಲ್ಲ. ಎಲ್ಲ ಮುಗಿದ ಮೇಲೆ ಹಲಗೆಗಳನ್ನು ತಂದು ಎಣಿಸುವುದು ಅಲ್ಲಿಯ ಪದ್ಧತಿ. ಪಂದ್ಯದ ಅಧಿಕಾರಿ ಎಂಟನೆಯ ಹಲಗೆಯನ್ನು ತಿರುಗಿಸಿ ತಿರುಗಿಸಿ ನೋಡಿದ. ಅಂಗಡಿಯಿಂದ ಆಗಷ್ಟೇ ತಂದಂತಿತ್ತು, ಒಂದು ತೂತೂ ಇಲ್ಲ. ಒಂಬತ್ತರಲ್ಲಿ ಇಪ್ಪತ್ತಿದ್ದವು. ಹತ್ತು ಅಲ್ಲಲ್ಲಿ ಚೆದುರಿದ್ದವು. ಉಳಿದ ಹತ್ತು ನಟ್ಟನಡುವೆ, ಒಂದು ಚಪಾತಿಯಡಿ ಮುಚ್ಚಿಡಬಹುದಾದಷ್ಟು ಒತ್ತೊತ್ತಾಗಿ.

ನಿಯಮ ಹಳೆಯದು, ಸ್ಪಷ್ಟ. ಪಕ್ಕದವನ ಹಲಗೆಗೆ ಹೊಡೆದವನಿಗೆ ಸೊನ್ನೆ. ಹಲಗೆಯವನಿಗೆ ಅದರಲ್ಲಿರುವ ಅತ್ಯುತ್ತಮ ಹತ್ತು ತೂತುಗಳ ಲೆಕ್ಕ.

ಡೇಲ್ ಬೇಡವೆಂದ, ವಾದ ಮಾಡಿದ, ಹ್ಯಾಟು ತೆಗೆದು ನೆಲಕ್ಕೆ ಬಡಿದ. ಅಧಿಕಾರಿ ಕೇಳಲಿಲ್ಲ. ಬೆನ್ನು ಚಪ್ಪರಿಸಿ, ಹೊಳೆಯುವ ಬಂಗಾರದ ಪದಕವನ್ನು ಅವನ ಕೊರಳಿಗೆ ಹಾಕಿದ.

ಪ್ರಗತಿ ದುರ್ಬೀನಿನ ಮುಂದಿನ ಗಾಜಿನ ಮೇಲೆ ಬೆರಳಾಡಿಸಿದಳು. ಬೆರಳು ಬೆಳ್ಳಗಾಯಿತು. "ಅವ್ವಾ, ಇದಕ್ಕೂ ವಿಭೂತಿ ಹಚ್ಚಿದ್ದೇನ?"

"ಅದು ಅದರ ಕಣ್ಣ ಅಲ್ಲೇನವ್ವ? ಅಷ್ಟ ಮಂದಿ ಬಂದು ನೋಡಾಕತ್ತಿದ್ರು, ದೃಷ್ಟಿ ಆಗಬಾರದಂತ ಕಣ್ಣಿಗೇ ಚಲೋತ್ನಾಗಿ ಹಚ್ಚೀನಿ."

ಲಿಂಗರಾಜು ಗಾಜಿನಲ್ಲಿ ನೋಡಿದ. ಟವೆಲ್ಲಿನಿಂದ ಗಸಗಸ ಒರೆಸಿ ವಿಭೂತಿಯನ್ನು ಗಾಜಿನ ತುಂಬ ಹರಡಿದವನು ಅವನೇ. ಆ ಬಿಳಿಯಲ್ಲಿ ಇಂಗ್ಲಿಷ್ ಅಂಕಿ 9ರ ಕೆಳಗಿನ ಬಾಯಿ ಮುಚ್ಚಿಕೊಂಡು ಅಚ್ಚುಕಟ್ಟಾದ 8 ಆಗಿತ್ತು. ಬೇರೆಯವರ ತಪ್ಪು ಹುಡುಕುವುದೇ ಉದ್ಯೋಗವಾದವನಿಗೆ ಇದೊಂದು ತಪ್ಪು ಕಂಡಿರಲಿಲ್ಲ.

ವೆಂಕಟಗಿರಿ ಅಂಕಲ್ ಹತ್ತಿರ ಬಂದು ಹೆಗಲ ಮೇಲೆ ಕೈಯಿಟ್ಟರು. "ಬೇಜಾರು ಮಾಡ್ಕೋಬೇಡ ಕಣಯ್ಯಾ. ನಿನ್ನ ಸ್ಟಾಕು ಚೆನ್ನಾಗೇ ಏರಿತು. ಪಕ್ಕದವನ ಅಕೌಂಟಲ್ಲಿ ಏರಿತು, ಅಷ್ಟೇ."

ಡೇಲ್ ಬಂದು ಶಾಂತವ್ವನ ಎದುರು ನಿಂತು, ಹ್ಯಾಟಿನ ಎಲೆ ಮುಟ್ಟಿ ತೋರಿಸಿ, ಮುಂದಿನ ಪಂದ್ಯಕ್ಕೂ ತಪ್ಪದೆ ಬಂದು ತನಗೆ ಎಲೆ ಕೊಡಬೇಕೆಂದು ಕೇಳಿಕೊಂಡ. ಪ್ರಗತಿ ಅದನ್ನು ಕನ್ನಡದಲ್ಲಿ ಹೇಳಿದಳು.

"ಬರ್ತೇನಂತ ಹೇಳು," ಎಂದರು ಶಾಂತವ್ವ. ಆಮೇಲೆ ಅಳಿಯನ ಕಡೆ ತಿರುಗಿದರು. ಅವರ ದನಿಯಲ್ಲಿ ಬೈಗುಳವಿರಲಿಲ್ಲ, ಮರುಕವಿತ್ತು. "ನಾ ಮೊದಲ ನಿಮಗ ಕೊಡಾಕ ಬಂದಿದ್ನಿ, ಅಳಿಯಂದ್ರ. ನೀವ ಆಮ್ಯಾಲೆ ಅಂದ್ರಿ. ಈಗರ ತಗೋರಿ."

ಸೆರಗಿನ ತುದಿಯಲ್ಲಿ ಕಟ್ಟಿಕೊಂಡಿದ್ದ ಬಾಡಿದ ಎಲೆಗಳನ್ನು ಬಿಚ್ಚಿ ಚಾಚಿದರು. ಲಿಂಗರಾಜು ಬಾಗಿ ಅವರ ಕಾಲು ಮುಟ್ಟಿ ನಮಸ್ಕರಿಸಿ, ಎರಡೂ ಕೈಯಲ್ಲಿ ಬಂಗಾರ ತೆಗೆದುಕೊಂಡ. ಅದರಲ್ಲೊಂದು ಮುಳ್ಳಿತ್ತು. ಅದು ನೆಟ್ಟಗೆ ಅವನ ಬಲಗೈ ತೋರುಬೆರಳಿಗೆ, ಹತ್ತು ಗುಂಡು ಹಾರಿಸಿದ ಬೆರಳಿಗೇ ಚುಚ್ಚಿತು.