ಎದುರು ಮನೆಯ ನೂರ ಇಪ್ಪತ್ತು ಟೈಲ್ಸು

ಗ್ಯಾಸ್ ಸಿಲಿಂಡರ್ ತಂದವನು ಬಾಯಿ ಮುಚ್ಚಿಕೊಂಡು ಹೋಗಿದ್ದರೆ ಚಂದ್ರಮೋಹನನ ಶನಿವಾರ ನೆಮ್ಮದಿಯಾಗಿ ಕಳೆದುಹೋಗುತ್ತಿತ್ತು. ಅವನು ಖಾಲಿ ಸಿಲಿಂಡರನ್ನು ಮಂಚ, ಬೀರು, ರಾಗಿ ಮೂಟೆಗಳ ನಡುವೆ ನುಸುಳಿಸಿಕೊಂಡು ಹೊರಗೆ ತಂದು, ಹಣೆ ಒರೆಸಿಕೊಂಡು ಕೇಳಿದ:

"ಏನ್ ಸಾರ್, ನಿಮ್ದು ಎದುರು ಮನೆಗಿಂತ ಸಣ್ಣ ಮನೇನಾ?"

ಸಣ್ಣದಲ್ಲ. ಅದೇ ಸಂಕಟ. ಮಾಲೂರಿನ ಆ ಕಟ್ಟಡದ ಎರಡನೇ ಮಹಡಿಯಲ್ಲಿ ಎರಡು ಮನೆಗಳೂ ಎದುರುಬದುರು, ಒಂದೇ ಅಳತೆ. ಒಂದು ಹಾಲ್, ಒಂದು ರೂಮು, ಇಬ್ಬರು ನಿಂತರೆ ಒಬ್ಬರು ಉಸಿರು ಬಿಗಿಹಿಡಿಯಬೇಕಾದ ಅಡುಗೆಮನೆ. ಒಮ್ಮೆ ಎದುರು ಮನೆಯಲ್ಲಿ ಟೀ ಕುಡಿಯುತ್ತಾ ಚಂದ್ರಮೋಹನ ಹಾಲ್‌ನ ಟೈಲ್ಸುಗಳನ್ನು ಕಣ್ಣಲ್ಲೇ ಎಣಿಸಿದ್ದ. ನೂರ ಇಪ್ಪತ್ತು. ಮನೆಗೆ ಬಂದು ಮಂಚದ ಕೆಳಗೆ ಟಾರ್ಚ್ ಬಿಟ್ಟು ತನ್ನವನ್ನೂ ಎಣಿಸಿದ. ಇಲ್ಲೂ ನೂರ ಇಪ್ಪತ್ತೇ. ಒಂದೇ ಒಂದು ಕಡಿಮೆ ಇದ್ದಿದ್ದರೂ ಓನರ್ ಹತ್ತಿರ ಜಗಳ ತೆಗೆಯಬಹುದಿತ್ತು. ಅದಕ್ಕೂ ದಾರಿಯಿಲ್ಲದೆ ಹೋಯಿತು.

ಎದುರು ಮನೆಯ ಫರ್ಹಾದ್ ಮರಗೆಲಸದವನು. ಅವನ ಮನೆಯ ಮಂಚ ಬೆಳಗಾದರೆ ಮಡಚಿಕೊಂಡು ಗೋಡೆಗೆ ಅಂಟಿಕೊಳ್ಳುತ್ತಿತ್ತು. ಊಟದ ಮೇಜು ಊಟ ಮುಗಿದ ಕೂಡಲೇ ಕಿಟಕಿಯ ಕೆಳಗಿನ ಹಲಗೆಯಾಗಿಬಿಡುತ್ತಿತ್ತು. ಕೂರುವ ಬೆಂಚಿನ ಹೊಟ್ಟೆಯೊಳಗೆ ಅಕ್ಕಿ, ಬೇಳೆ ಎಲ್ಲ ಅಡಗಿದ್ದವು. ಮಿಕ್ಕಿದ್ದೆಲ್ಲ ಬರೀ ಬಯಲು. ಫರ್ಹಾದನ ಹೆಂಡತಿ ಶಿರೀನ್ ಅಲ್ಲಿ ಕೈ ಬೀಸಿ ಕಸ ಗುಡಿಸುವುದನ್ನು ಕಂಡರೂ ಸಾಕು, ಚಂದ್ರಮೋಹನನ ಹೊಟ್ಟೆಯಲ್ಲಿ ಹಸಿಮೆಣಸಿನಕಾಯಿ ಅರೆದಂತಾಗುತ್ತಿತ್ತು.

ಹೋದ ವರ್ಷ ಮಗಳು ಮಾನಸಳ ಹುಟ್ಟುಹಬ್ಬಕ್ಕೆ ಬಂದ ನೆಂಟರು ಇವನ ಮನೆಯಲ್ಲಿ ಐದು ನಿಮಿಷ ಒಂಟಿಕಾಲಲ್ಲಿ ನಿಂತಿದ್ದು, ಆಮೇಲೆ ತಟ್ಟೆ ಹಿಡಿದುಕೊಂಡು ಎದುರು ಮನೆಗೆ ಹೋಗಿ ಕೂತಿದ್ದರು. ಇವನ ಪಾಯಸ ಕುಡಿದು, ಅವನ ಮನೆ ಹೊಗಳಿ ಹೋಗಿದ್ದರು. ಈ ಸಲ ಹೆಂಡತಿ ಸುನಂದ ಆ ಐದು ನಿಮಿಷದ ಮರ್ಯಾದೆಯನ್ನೂ ಉಳಿಸಿರಲಿಲ್ಲ.

"ರೀ, ಸಾಯಂಕಾಲ ಕೇಕು ಅವ್ರ ಹಾಲ್‌ನಲ್ಲೇ ಕಟ್ ಮಾಡೋದು. ನಾನು ಬೈರಕೂರಿಗೆ ಹೋಗಿ ಅಮ್ಮನ್ನ ಕರ್ಕೊಂಡು ಬರ್ತೀನಿ. ನೀವು ಏನೂ ಮಾಡ್ಬೇಡಿ, ಸುಮ್ನೆ ಮನೇಲಿರಿ ಸಾಕು," ಎಂದು ಹೇಳಿ, ಮಗಳನ್ನೂ ಕರೆದುಕೊಂಡು ಬೆಳಿಗ್ಗೆಯೇ ಬಸ್ಸು ಹತ್ತಿದ್ದಳು. ಫರ್ಹಾದ್, ಶಿರೀನ್ ಇಬ್ಬರೂ ಕೇಕು, ಬಲೂನು ತರಲು ಕೋಲಾರಕ್ಕೆ ಹೋಗಿದ್ದರು. ಮಗಳು ಇವನದು, ಬಲೂನು ಅವರದು!

ಸಿಲಿಂಡರ್‌ನವನು ಇಳಿದು ಹೋದ ಮೇಲೆ ಚಂದ್ರಮೋಹನ ಬಾಗಿಲಲ್ಲಿ ನಿಂತು ಎದುರಿನ ಬೀಗವನ್ನೇ ದುರುಗುಟ್ಟಿ ನೋಡಿದ. ಏನೇ ಆಗಲಿ, ಇವತ್ತು ಕೇಕು ನನ್ನ ಹಾಲ್‌ನಲ್ಲೇ ಕಟ್ ಆಗಬೇಕು ಎಂದು ಹಟ ಹುಟ್ಟಿತು.

ಮೊಬೈಲ್ ತೆಗೆದು ಸಣ್ಣ ಮನೆಯನ್ನು ದೊಡ್ಡದಾಗಿಸುವ ವಿಡಿಯೋ ಹುಡುಕಿದ. ಒಬ್ಬಳು ಹುಡುಗಿ ನಗುನಗುತ್ತಾ, "ಒಂದು ವರ್ಷದಿಂದ ಮುಟ್ಟದ ವಸ್ತುವನ್ನು ಮನೆಯಿಂದ ಹೊರಗೆ ಹಾಕಿ" ಎಂದಳು. ಚಂದ್ರಮೋಹನ ತಲೆಯೆತ್ತಿ ಹಾಲ್‌ನ ಗೋಡೆಯ ಮೇಲಿದ್ದ ಸಜ್ಜವನ್ನು ನೋಡಿದ. ಅದು ಸುನಂದಳ ರಾಜ್ಯ. ಮೂರು ವರ್ಷದಲ್ಲಿ ಅವನು ಅತ್ತ ಕಣ್ಣು ಹಾಯಿಸಿದ್ದೇ ಇಲ್ಲ. ಮೇಲೆ ಎರಡು ತಗಡಿನ ಟ್ರಂಕು, ಮಸಿ ಹಿಡಿದ ದೊಡ್ಡ ತಾಮ್ರದ ದೇಗ್ಚಿ, ಸುತ್ತಿಟ್ಟ ನಾಲ್ಕು ಹಾಸಿಗೆ, ಗೋಣಿಯಲ್ಲಿ ಸುತ್ತಿ ಹೊಲಿದ ಹಲಗೆಗಳ ಒಂದು ಉದ್ದನೆಯ ಕಟ್ಟು ಕಂಡವು. ಇವೆಲ್ಲ ಅತ್ತೆ ಬೈರಮ್ಮ ಸಾಗಹಾಕಿದ ಸಾಮಾನೇ ಎಂಬುದರಲ್ಲಿ ಅವನಿಗೆ ಅನುಮಾನವೇ ಬರಲಿಲ್ಲ. ಅರ್ಧ ಬೈರಕೂರನ್ನು ನನ್ನ ತಲೆ ಮೇಲೆ ಇಟ್ಟಿದ್ದಾರೆ ಎಂದು ಹಲ್ಲು ಕಡಿದ.

ಮಂಚದ ಮೇಲೆ ಸ್ಟೂಲು, ಸ್ಟೂಲಿನ ಮೇಲೆ ಅವನು. ಮೊದಲ ಟ್ರಂಕು ಜಾರಿ ನೇರವಾಗಿ ತಲೆಯ ಮೇಲೆ ಬಂದು ಕೂತಿತು. ಇಳಿಸುವಂತಿಲ್ಲ, ಇಳಿಯುವಂತಿಲ್ಲ. ಅಷ್ಟರಲ್ಲಿ ಮೇಲಿನ ಮಹಡಿಯಲ್ಲಿದ್ದ ಓನರ್ ಕೋದಂಡರಾಮಪ್ಪ ಬಾಗಿಲಲ್ಲಿ ಇಣುಕಿದರು.

"ಏಮಪ್ಪಾ ಚಂದ್ರಮೋಹನಾ, ಸರ್ಕಸ್ ಸೇರ್ಕೊಂಡ್ಯಾ?"

"ಸ್ವಲ್ಪ ಹಿಡ್ಕೊಳಿ ಸಾರ್!"

ಕೋದಂಡರಾಮಪ್ಪ ಯಾವ ಕೆಲಸಕ್ಕೂ ಕೈ ಜೋಡಿಸಿದವರಲ್ಲ, ಸಲಹೆ ಮಾತ್ರ ಧಾರಾಳ. "ಎಡಕ್ಕೆ ವಾಲ್ಕೋ. ಆ ಎಡ ಅಲ್ಲಯ್ಯಾ, ನನ್ನ ಎಡ!"

ಟ್ರಂಕು ಮಂಚದ ಮೇಲೆ ಬಿತ್ತು, ಮಂಚದ ಒಂದು ಕಾಲು ಲಟಕ್ಕೆಂದು ಮುರಿಯಿತು, ಚಂದ್ರಮೋಹನ ರಾಗಿ ಮೂಟೆಯ ಮೇಲೆ ಬಿದ್ದ. "ಹೋಗ್ಲಿ ಬಿಡು, ಒಂದು ಸಾಮಾನು ಕಮ್ಮಿ ಆಯ್ತು," ಎಂದರು ಕೋದಂಡರಾಮಪ್ಪ. ಚಂದ್ರಮೋಹನನಿಗೂ ಆ ಹೊತ್ತಿಗೆ ಹಾಗೇ ಅನ್ನಿಸಿತು.

ಕೆಳಗೆ ರಸ್ತೆಯಲ್ಲಿ ಓಬೇದುಲ್ಲಾನ ಗಾಡಿ ಕೂಗುತ್ತಾ ಬಂತು. ಹಳೇ ಪಾತ್ರೆ, ಹಳೇ ಟ್ರಂಕು ತೆಗೆದುಕೊಂಡು ಪ್ಲಾಸ್ಟಿಕ್ ಸಾಮಾನು ಕೊಡುವ ವ್ಯಾಪಾರ ಅವನದು. ಅವನು ಮೇಲೆ ಬಂದು ದೇಗ್ಚಿಯನ್ನು ಬೆರಳಲ್ಲಿ ತಟ್ಟಿ ನೋಡಿದ. ಅದರ ಕತ್ತಿನ ಸುತ್ತ ಮಸಿಯಡಿಯಲ್ಲಿ ಹೂಬಳ್ಳಿಯಂಥ ಏನೋ ಕೊರೆದಿತ್ತು. ಅತ್ತೆಗೆ ಈ ಶೋಕಿ ಬೇರೆ ಎಂದುಕೊಂಡ ಚಂದ್ರಮೋಹನ. ಕೊನೆಗೆ ದೇಗ್ಚಿ, ಟ್ರಂಕು, ಹಾಸಿಗೆ ಎಲ್ಲ ಸೇರಿ ಆರು ಕೆಂಪು ಕುರ್ಚಿಗೆ ವ್ಯಾಪಾರ ಕುದುರಿತು.

"ಮರ ನಮ್ಗೆ ಬೇಡ ಭಾಯ್," ಎಂದು ಓಬೇದುಲ್ಲಾ ಹಲಗೆ ಕಟ್ಟನ್ನು ಬಿಟ್ಟು ಹೋದ.

"ಅದು ನನಗಿರ್ಲಿ," ಎಂದರು ಕೋದಂಡರಾಮಪ್ಪ. ಮಹಡಿಯ ಮೇಲೆ ಸೌದೆ ಒಲೆ ಇಟ್ಟುಕೊಂಡು ಸ್ನಾನದ ನೀರು ಕಾಯಿಸುವುದು ಅವರ ಅಭ್ಯಾಸ. "ನೀನೂ ಎರಡು ಬಕೆಟ್ ತಗೋ, ಮೈಯೆಲ್ಲ ಧೂಳು."

ಆಮೇಲಿನ ಮೂರು ಗಂಟೆ ಚಂದ್ರಮೋಹನ ಎತ್ತಿನಂತೆ ದುಡಿದ. ರಾಗಿ ಮೂಟೆ ಸಜ್ಜಕ್ಕೆ ಏರಿತು, ಬೀರು ಮೂಲೆಗೆ ಹೋಯಿತು, ಮುರಿದ ಮಂಚ ಬಿಡಿಬಿಡಿಯಾಗಿ ಬಾಲ್ಕನಿ ಸೇರಿತು. ಮೇಲಿನಿಂದ ಬಂದ ಬಿಸಿನೀರಿನಲ್ಲಿ ಸುಖವಾಗಿ ಸ್ನಾನ ಮಾಡಿ, ಬಿಳಿ ಶರ್ಟು ಹಾಕಿಕೊಂಡು ಹಾಲ್ ನೋಡಿದ. ನೂರ ಇಪ್ಪತ್ತು ಟೈಲ್ಸುಗಳಲ್ಲಿ ತೊಂಬತ್ತಾದರೂ ಬೆಳಕು ಕಂಡಿದ್ದವು. ಆರು ಕುರ್ಚಿಗಳಲ್ಲೂ ಒಂದೊಂದರಲ್ಲಿ ಒಂದೊಂದು ನಿಮಿಷ ಕೂತು ನೋಡಿದ. ಎಲ್ಲಿ ಕೂತರೂ ಮೊಣಕಾಲು ಯಾವುದಕ್ಕೂ ತಗುಲಲಿಲ್ಲ. ಬರಲಿ ಫರ್ಹಾದ್ ಎಂದುಕೊಂಡ.

ಐದು ಗಂಟೆಗೆ ಸುನಂದ, ಮಾನಸ, ಬೈರಮ್ಮ ಬಂದರು. ಬೈರಮ್ಮ ಹೊಸ್ತಿಲಲ್ಲೇ ನಿಂತು, "ಅಯ್ಯೋ ದೇವುಡಾ, ಇದು ನಮ್ಮ ಮನೇನಾ ಅಳಿಯಂದ್ರೇ?" ಎಂದು ಕೆನ್ನೆ ಮುಟ್ಟಿಕೊಂಡರು. ಚಂದ್ರಮೋಹನನ ಎದೆ ಉಬ್ಬಿತು. "ನಿಮ್ಮ ಸಾಮಾನೆಲ್ಲ ತೆಗೆದ್ಮೇಲೆ ಹೀಗಾಯ್ತು ಅತ್ತೆ," ಎಂದ.

"ನಂದ್ಯಾವ ಸಾಮಾನು?"

ಸುನಂದ ತಲೆಯೆತ್ತಿ ಸಜ್ಜ ನೋಡಿದಳು. ಅವಳ ಮುಖ ಬಿಳಿಚಿಕೊಂಡಿತು. "ಅಲ್ಲಿದ್ದದ್ದೆಲ್ಲ ಎಲ್ಲಿ ರೀ?"

ಉತ್ತರ ಮೆಟ್ಟಿಲು ಹತ್ತಿ ಬಂತು. ಓಬೇದುಲ್ಲಾ ಹೊಳೆಯುವ ದೇಗ್ಚಿಯನ್ನು ಹೆಗಲ ಮೇಲೆ ಹೊತ್ತು ಕೂಗುತ್ತಿದ್ದ: "ಎಲ್ಲಿ ಆ ಭಾಯ್? ಹುಣಸೆಹಣ್ಣು ಹಾಕಿ ಉಜ್ಜಿದ್ರೆ ಹೆಸರು ಬಂತು! ಬಳ್ಳಿ ಅಲ್ಲ ಇದು, ಉರ್ದು! ಫರ್ಹಾದ್ ಅವರ ಅಬ್ಬಾನ ಹೆಸರು! ಕಳ್ಳ ಮಾಲು ಕೊಟ್ಟು ನನ್ನನ್ನ ಸಿಗಿಸ್ತೀಯಾ?"

ಮದುವೆ ಪಾತ್ರೆಗೆ ಮನೆ ಯಜಮಾನನ ಹೆಸರು ಕೊರೆಸುವುದು ಚಂದ್ರಮೋಹನನಿಗೆ ಗೊತ್ತಿಲ್ಲದ್ದೇನಲ್ಲ. ಅವನ ಮನೆಯ ಚೊಂಬಿನ ಮೇಲೂ ಅವನಪ್ಪನ ಹೆಸರಿತ್ತು. ಆದರೆ ಕನ್ನಡದಲ್ಲಿತ್ತು. ಎಲ್ಲ ಮಹಡಿಗಳ ಬಾಗಿಲೂ ತೆರೆದುಕೊಂಡವು. ಕೇಕಿನ ಡಬ್ಬಿ ಹಿಡಿದು ಅದೇ ಹೊತ್ತಿಗೆ ಮೇಲೆ ಬಂದ ಫರ್ಹಾದ್ ದೇಗ್ಚಿಯನ್ನೂ ನೋಡಿದ, ಚಂದ್ರಮೋಹನನ ಮುಖವನ್ನೂ ನೋಡಿದ.

"ಅಣ್ಣಂದು ತಪ್ಪಿಲ್ಲ ಓಬೇದುಲ್ಲಾ ಭಾಯ್. ಕೊಟ್ಬಿಡಿ ಅಂತ ನಾನೇ ಹೇಳಿದ್ದೆ. ಈಗ ಶಿರೀನ್ ಬೇಡ ಅಂತಾಳೆ," ಎಂದು ಶಾಂತವಾಗಿ ಸುಳ್ಳು ಹೇಳಿದ.

ಎಂಥಾ ಒಳ್ಳೇ ಮನುಷ್ಯ ಎಂದು ಕಟ್ಟಡವೆಲ್ಲ ಪಿಸುಗುಟ್ಟಿತು. ಚಂದ್ರಮೋಹನನಿಗೆ ಕೃತಜ್ಞತೆಗಿಂತ ಮೊದಲು ಹೊಟ್ಟೆಯುರಿಯೇ ಬಂತು. ಈ ಹೊಗಳಿಕೆಯೂ ಅವನ ಪಾಲಿಗೇ ಹೋಯಿತಲ್ಲ!

"ಅವ್ರ ಮನೆ ಅಷ್ಟು ಖಾಲಿ ಇರೋದು ಹೆಂಗೆ ಅಂದ್ಕೊಂಡಿದ್ರಿ?" ಎಂದು ಸುನಂದ ಹಲ್ಲು ಕಚ್ಚಿ ಹೇಳಿದಳು. "ಮೂರು ವರ್ಷದಿಂದ ಅವ್ರ ಸಾಮಾನೆಲ್ಲ ನಮ್ಮ ಸಜ್ಜದ ಮೇಲೇ ಇರೋದು."

ಓಬೇದುಲ್ಲಾ ಸಾಮಾನು ಇಳಿಸಿ ಆರು ಕುರ್ಚಿ ಎತ್ತಿಕೊಂಡು ಹೋದ. ಟ್ರಂಕುಗಳು ಮತ್ತೆ ಮೇಲೇರಿದವು, ರಾಗಿ ಮೂಟೆಗಳು ಮತ್ತೆ ನೆಲಕ್ಕೆ ಬಂದವು. ಎಲ್ಲ ಮುಗಿದ ಮೇಲೆ ಫರ್ಹಾದ್ ಸಂಕೋಚದಿಂದ ಕೇಳಿದ: "ಅಣ್ಣಾ, ಗೋಣಿ ಸುತ್ತಿದ ಒಂದು ಹಲಗೆ ಕಟ್ಟು ಇತ್ತಲ್ಲ?"

"ಅದೂ ನಿಮ್ದೇನಾ?"

"ಇಲ್ಲಣ್ಣ, ಅದು ನಿಮ್ದು."

ಸುನಂದಳ ಕಣ್ಣಲ್ಲಿ ನೀರು ಬಂತು. "ಇಷ್ಟು ದಿನ ಸಾಮಾನು ಇಟ್ಕೊಂಡಿದ್ದೀವಿ ಅಂತ ಫರ್ಹಾದಣ್ಣ ನಮಗೂ ಗೋಡೆ ಮಂಚ ಮಾಡಿದ್ರು ರೀ. ಎರಡು ತಿಂಗಳು ಕೂತು ಮಾಡಿದ್ದು. ನಾವೆಲ್ಲ ಆ ಮನೇಲಿ ಕೇಕು ಕಟ್ ಮಾಡೋವಾಗ ಅವ್ರು ಇಲ್ಲಿ ಬಂದು ಜೋಡಿಸಿಡ್ತಾರೆ, ಆಮೇಲೆ ನಿಮಗೆ ತೋರಿಸೋಣ ಅಂತಿದ್ವಿ."

ಚಂದ್ರಮೋಹನ ಬಾಯಿ ತೆರೆಯುವಷ್ಟರಲ್ಲಿ ಕೋದಂಡರಾಮಪ್ಪ ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡು ಮೆಟ್ಟಿಲಿಳಿದು ಬಂದರು. ಅಂಗೈಯಲ್ಲಿ ಮಸಿ ಹತ್ತಿದ ಎಂಟು ಕಬ್ಬಿಣದ ಕೀಲುಗಳಿದ್ದವು.

"ತಗೋಪ್ಪಾ, ಬೂದೀಲಿ ಸಿಕ್ತು. ಸೌದೆ ಅಂದ್ರೆ ಅದು! ಪಾಲಿಶ್ ಬೇರೆ ಹೊಡೆದಿದ್ರಲ್ಲ, ಭಗ್ ಅಂತ ಹತ್ಕೊಳ್ತು. ನಿನಗೂ ಎರಡು ಬಕೆಟ್ ಕಳಿಸಿದ್ನಲ್ಲ, ನೀರು ಕಾದಿತ್ತಾ?"

ಎಲ್ಲರೂ ಚಂದ್ರಮೋಹನನತ್ತ ತಿರುಗಿದರು.

"ಚೆನ್ನಾಗಿ ಕಾದಿತ್ತು ಸಾರ್," ಎಂದ ಅವನು.